ಮಾಂತುವಿನ ಕಣ್ಣೊಳಗಿನ ಕೆಂಪು ಚುಕ್ಕೆ

ಮೊದಲು ಕಂಡದ್ದು ಬೆಚ್ಚಿಬೀಳುವುದು.

ಮಾಂತುವಿಗೆ ಆಗ ಐದು ತಿಂಗಳು. ಖಾನಾಪುರದ ನಮ್ಮ ಮನೆಯಿಂದ ಹಂಚಿನ ಕಾರ್ಖಾನೆ ಕೂಗಳತೆ ದೂರ. ನನ್ನ ಗಂಡ ಈರಣ್ಣ ಅಲ್ಲಿಯೇ ಕಾರಕೂನ. ಬೆಳಿಗ್ಗೆ ಕಾರ್ಖಾನೆಯ ಭೋಂಗಾ ಕೂಗಿದರೆ ಓಣಿಯ ಎಲ್ಲ ಕೂಸುಗಳೂ ಅಳುತ್ತಿದ್ದವು, ಅದರಲ್ಲಿ ಹೊಸದೇನಿರಲಿಲ್ಲ. ಆದರೆ ಮಾಂತು ನೀರಿನ ತಂಬಿಗೆ ನೆಲಕ್ಕಿಟ್ಟರೂ ಬೆಚ್ಚುತ್ತಿದ್ದ. ಯಾರಾದರೂ ಸೀನಿದರೆ ಬೆಚ್ಚುತ್ತಿದ್ದ. ಬಾಗಿಲ ಚಿಲಕ ಸರಿಸಿದರೆ ಎರಡೂ ಕೈ ಅಗಲಿಸಿ, ಕಾಲು ಸೆಟೆದು, ಕಣ್ಣು ಅರಳಿಸಿಬಿಡುತ್ತಿದ್ದ. ಬೇರೆ ಕೂಸುಗಳು ಎರಡು ಸಲ ಬೆಚ್ಚಿ ಮೂರನೆಯದಕ್ಕೆ ಸುಮ್ಮನಾಗುತ್ತವೆ. ಇವನು ಹತ್ತು ಸಲ ಸದ್ದು ಮಾಡಿದರೆ ಹತ್ತು ಸಲವೂ ಬೆಚ್ಚುತ್ತಿದ್ದ.

ನಾವು ಹೆಮ್ಮೆಪಟ್ಟೆವು.

“ಏನ್ ಚುರುಕ ಕಿವಿ ನನ್ನ ಮೊಮ್ಮಗಂದು! ಇರವಿ ಹರದಾಡಿದ್ರೂ ಕೇಳಸ್ತೈತಿ ನೋಡ್ರಿ,” ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ನಾದಿನಿ ಕಮಲಾ ಚಮಚದಿಂದ ತಾಟು ಬಾರಿಸಿ ತೋರಿಸುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ನಗುವಿಗೆ ಲೆಕ್ಕ ಕೇಳುವವರು ಯಾರೂ ಇಲ್ಲ, ನಾನೇ ಕೇಳಿಕೊಳ್ಳುತ್ತೇನೆ.

ಏಳನೆಯ ತಿಂಗಳಿಗೆ ಕುತ್ತಿಗೆ ಮತ್ತೆ ಜೋಲತೊಡಗಿತು. ಮೊದಲು ಎತ್ತಿ ಹಿಡಿಯುತ್ತಿದ್ದ ತಲೆಯನ್ನು ಈಗ ನನ್ನ ಭುಜಕ್ಕೆ ಚೆಲ್ಲಿಬಿಡುತ್ತಿದ್ದ. ಮಗ್ಗಲು ಹೊರಳುವುದನ್ನು ಕಲಿತಿದ್ದ, ಮರೆತ. ಗಿಲಕಿಗೆ ಕೈ ಚಾಚುತ್ತಿದ್ದ, ಬಿಟ್ಟ. ಮಕ್ಕಳು ಒಂದೊಂದೇ ಕಲಿಯುತ್ತ ಹೋಗುತ್ತವೆ ಎಂದು ಕೇಳಿದ್ದೆ. ಒಂದೊಂದೇ ಮರೆಯುತ್ತ ಹೋಗುವ ಮಗುವನ್ನು ನಾನು ಕೇಳಿರಲಿಲ್ಲ, ಕಂಡಿರಲಿಲ್ಲ. ಹಲಸಿ ಊರಿನ ಆಚೆ ಬೇರು ಕೊಡುವ ಮುದುಕನೊಬ್ಬನಿದ್ದ. ಅವನ ಬೇರು ತೇಯ್ದು ಕುಡಿಸಿದೆವು. ತಾಯಿತ ಕಟ್ಟಿದೆವು. ನಂತರ ಒಂದು ದಿನ ನಾನು ನಗುತ್ತ ಮುಖದ ಹತ್ತಿರ ಹೋದೆ, ಅವನು ನನ್ನನ್ನು ದಾಟಿ ಎಲ್ಲೋ ನೋಡುತ್ತಿದ್ದ. ಕೈ ಆಡಿಸಿದೆ. ರೆಪ್ಪೆ ಬಡಿಯಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಮಾಂತುವನ್ನು ಎತ್ತಿಕೊಂಡು ನಾನೊಬ್ಬಳೇ ಬೆಳಗಾವಿಗೆ ಹೊರಟೆ.

ಎಮರ್ಜೆನ್ಸಿ ಮುಗಿದ ಮರುವರ್ಷ ಅದು. ದೊಡ್ಡ ದವಾಖಾನೆಯಲ್ಲಿ ಮಕ್ಕಳ ಡಾಕ್ಟರು ಮಾಂತುವಿನ ಕಾಲು ಮಡಚಿ ಬಿಡಿಸಿ ನೋಡಿದರು, ಚಪ್ಪಾಳೆ ತಟ್ಟಿದರು, ಅವನು ಬೆಚ್ಚಿದಾಗ ಅವರ ಮುಖ ಸಪ್ಪಗಾಯಿತು. ಕಣ್ಣಿನ ವಿಭಾಗಕ್ಕೆ ಕಳಿಸಿದರು. ಅಲ್ಲಿ ಕತ್ತಲೆಯ ಕೋಣೆಯಲ್ಲಿ ಕಣ್ಣಿಗೆ ಔಷಧ ಬಿಟ್ಟು, ಸಣ್ಣ ದೀಪ ಹಿಡಿದು ಒಬ್ಬರಾದ ಮೇಲೆ ಒಬ್ಬರು ನೋಡಿದರು. ಕಲಿಯುವ ಹುಡುಗ ಹುಡುಗಿಯರು ಸಾಲಾಗಿ ಬಂದು ನೋಡಿದರು. ಎಲ್ಲರೂ “ರೆಡ್ ಸ್ಪಾಟ್, ರೆಡ್ ಸ್ಪಾಟ್” ಎನ್ನುತ್ತಿದ್ದರು. ಏನೆಂದು ಕೇಳಿದೆ. ಕಣ್ಣಿನ ಒಳಗೋಡೆಯಲ್ಲಿ ಒಂದು ಕೆಂಪು ಚುಕ್ಕೆ ಇದೆ ಎಂದರು. ಕುಂಕುಮದ ಬೊಟ್ಟಿನಷ್ಟು ಕೆಂಪು, ಸುತ್ತಲೂ ಬಿಳುಪು.

ನನ್ನ ಮಗನ ಕಣ್ಣೊಳಗಿನ ಕುಂಕುಮವನ್ನು ನೋಡದವಳು ನಾನೊಬ್ಬಳೇ.

ಮಕ್ಕಳ ಡಾಕ್ಟರು ವಯಸ್ಸಾದವರು, ಮೆತ್ತಗಿನ ಮಾತು. ಕಾಗದದ ಮೇಲೆ ಏನೋ ಗೀಚುತ್ತ ತಿಳಿಸಿ ಹೇಳಿದರು. “ನೋಡವ್ವಾ ತಂಗಿ, ಎಲ್ಲಾರ ಮೆದುಳಿನಾಗೂ ಒಂದ ಥರದ ಕೊಬ್ಬು ಇರ್ತೈತಿ. ಸ್ಫಿಂಗೋಲಿಪಿಡ್ ಅಂತಾರ. ಅದು ಬೇಕು. ಅದಿಲ್ಲಂದ್ರ ನರಾ ಕೆಲಸಾ ಮಾಡೂದಿಲ್ಲ. ಹಳೀದು ಕರಗಿ ಹೋಗಬೇಕು, ಹೊಸಾದು ಬರಬೇಕು. ಕರಗಸಾಕ ಮೈಯಾಗ ಒಂದು ಎಂಜೈಮ್ ಇರ್ತೈತಿ. ನಿನ್ನ ಕೂಸಿಗೆ ಅದು ಇಲ್ಲಂತ ನನಗ ಸಂಶಯ. ಹಂಗಾಗಿ ಕೊಬ್ಬು ನರದಾಗ ಕೂಡಾಕ ಹತ್ತೇತಿ. ರಕ್ತಾ ಮುಂಬೈಗೆ ಕಳಸ್ತೇನಿ. ಉತ್ತರ ಬಂದ ಮ್ಯಾಲೆ ಇಬ್ಬರೂ ಕೂಡಿ ಬರ್ರಿ, ಇನ್ನಾ ಹೇಳೂದೈತಿ.”

ಇಷ್ಟನ್ನೂ ಈಗ ಬರೆಯುತ್ತಿದ್ದೇನೆ. ಅಂದು ನನ್ನ ಕಿವಿಗೆ ಬಿದ್ದದ್ದು ಒಂದೇ ಮಾತು: ಕೊಬ್ಬು.

ಕೊಬ್ಬು ಎಂದರೆ ನನಗೆ ಗೊತ್ತಿದ್ದದ್ದು ತುಪ್ಪ. ಮನೆಯಲ್ಲಿ ಎಮ್ಮೆ ಇತ್ತು. ಮಾಂತು ಅನ್ನ ಮುಟ್ಟಿದ ದಿನದಿಂದ ಅತ್ತೆ ಮೆತ್ತಗಿನ ಅನ್ನಕ್ಕೆ ತುಪ್ಪ ಸುರಿದು, ಬೆರಳಿನಿಂದ ಅವನ ನಾಲಿಗೆಗೆ ತುಪ್ಪ ಸವರಿ, “ತುಪ್ಪಾ ತಿಂದ ಕೂಸು ಶ್ಯಾಣ್ಯಾ ಆಗ್ತೈತಿ” ಎನ್ನುತ್ತಿದ್ದರು. ನೆತ್ತಿಗೆ ದಿನವೂ ಎಣ್ಣೆ. ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ, ಎಲ್ಲವೂ ಕೂಡಿಬಂತು. ನನ್ನ ನಾಲಿಗೆ ಮೊದಲಿನಿಂದಲೂ ಚೂಪು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನನ್ನ ಅವ್ವ ಸಾವಿರ ಸಲ ಹೇಳಿದ್ದಳು. ಮನೆಗೆ ಬಂದವಳೇ ಚಪ್ಪಲಿ ಸಹ ಬಿಡದೆ, ಓಣಿಯವರೆಲ್ಲ ಸುದ್ದಿ ಕೇಳಲು ಕಟ್ಟೆಯ ಮೇಲೆ ಕೂತಿರುವಾಗಲೇ ಕಿರುಚಿದೆ.

“ನಿಮ್ಮ ತುಪ್ಪಾನ ನನ್ನ ಮಗನ ತಲಿಗೆ ಏರೇತಿ ಅತ್ತಿ! ಡಾಕ್ಟರ ಹೇಳ್ಯಾರ!”

ಎಂಥ ಜಗಳಕ್ಕೂ ಸೊಂಟ ಕಟ್ಟಿ ನಿಲ್ಲುತ್ತಿದ್ದ ಅತ್ತೆ ಬಾಗಿಲ ಚೌಕಟ್ಟು ಹಿಡಿದು ಹಾಗೇ ನೆಲಕ್ಕೆ ಕೂತರು.

ಅಂದಿನಿಂದ ಮಾಂತುವಿಗೆ ತುಪ್ಪ ಬಂದ್. ಬೆಣ್ಣೆ ಬಂದ್. ಹಾಲಿನ ಕೆನೆ ತೆಗೆದು, ನೀರು ಬೆರೆಸಿ ಕುಡಿಸಿದೆ. ಮೈಗೆ ಎಣ್ಣೆ ಹಚ್ಚಲಿಲ್ಲ. ಒಂದೂವರೆ ತಿಂಗಳಲ್ಲಿ ಕೂಸು ಸೊರಗಿ ಕಡ್ಡಿಯಾಯಿತು. ತೊಡೆಯ ಚರ್ಮ ಜೋತುಬಿತ್ತು. ಕೊಬ್ಬು ಇಳಿಯುತ್ತಿದೆ ಎಂದು ನಾನು ಸಂತೋಷಪಟ್ಟೆ. ಅತ್ತೆ ತಾವೂ ತುಪ್ಪ ಬಿಟ್ಟರು. ಹಬ್ಬದ ದಿನವೂ ಹೋಳಿಗೆಯನ್ನು ಒಣಗಿದ್ದೇ ತಿಂದರು. ನಾನು ನೋಡಿಯೂ ನೋಡದ ಹಾಗಿದ್ದೆ.

ಇಲ್ಲಿ ನಮ್ಮ ಸಂಬಂಧದ ವಿಷಯ ಹೇಳಬೇಕು. ನನ್ನ ತವರು ಬೆಳಗಾವಿಯ ಶಿವಬಸವ ನಗರ. ನನ್ನ ಮಾವ ಎಂದರೆ ನನ್ನ ಅವ್ವನ ಸ್ವಂತ ಅಣ್ಣ. ನಾನು ಈರಣ್ಣನನ್ನು ಮದುವೆಯಾಗಿ ಖಾನಾಪುರಕ್ಕೆ ಬಂದೆ. ಅದಕ್ಕೆ ಬದಲಾಗಿ ಈ ಮನೆಯ ಕಮಲಾ ನನ್ನ ತಮ್ಮ ಶಿವಾನಂದನಿಗೆ ಹೆಂಡತಿಯಾಗಿ ಬೆಳಗಾವಿಗೆ ಹೋಗಬೇಕು. ಅವಳನ್ನು ತೊಟ್ಟಿಲಿಗೆ ಹಾಕಿದ ದಿನವೇ ಆಡಿಟ್ಟ ಮಾತು. ಹೆಣ್ಣು ಕೊಟ್ಟು ಹೆಣ್ಣು ತರುವುದು ನಮ್ಮಲ್ಲಿ ತಲೆಮಾರುಗಳಿಂದ ಬಂದದ್ದು. ಹೊರಗಿನವರ ಮನೆಗೆ ಹೆಣ್ಣು ಕೊಟ್ಟು ಅವಳ ಕಣ್ಣೀರಿಗೆ ಕಾಯುವುದಕ್ಕಿಂತ ಸೋದರಮಾವನ ಮನೆ ವಾಸಿ ಎಂದು ಹಿರಿಯರು ಹೇಳುತ್ತಿದ್ದರು. ಸುಳ್ಳೇನಲ್ಲ. ನನಗೆ ಈ ಮನೆಯಲ್ಲಿ ಯಾರೂ ಕಣ್ಣೀರು ತರಿಸಿರಲಿಲ್ಲ.

ಮಾಂತುವಿನ ಕಾಯಿಲೆಯ ಸುದ್ದಿ ಹಬ್ಬಿದಾಗ ಎರಡೂ ಮನೆಗಳಲ್ಲಿ ಒಳಗೊಳಗೇ ಒಂದು ಅಳುಕು ಇತ್ತು ಎಂದು ಈಗ ಅನ್ನಿಸುತ್ತದೆ. ತುಪ್ಪ ಎಂಬ ಮಾತು ಕೇಳಿ ಎಲ್ಲರಿಗೂ ಉಸಿರು ಬಂತು. ಉಣಿಸಿದವರ ತಪ್ಪು, ಹುಟ್ಟಿನದಲ್ಲ. ಕಮಲಾಳ ನಿಶ್ಚಯ ಕಾರ್ಯಕ್ಕೆ ದಿನ ಗೊತ್ತುಮಾಡಿದರು.

ಮುಂಬೈಯಿಂದ ಉತ್ತರ ಬಂತು, ಇಬ್ಬರೂ ಬೆಳಗಾವಿಗೆ ಹೋದೆವು. ಎಂಜೈಮ್ ಇರಲಿಲ್ಲ.

“ಸಂಬಂಧದಾಗ ಲಗ್ನ ಆಗೀರೇನು?” ಡಾಕ್ಟರು ಕೇಳಿದರು.

“ಹೌದ್ರಿ. ನಮ್ಮವ್ವನ ಅಣ್ಣನ ಮಗಾ ಇವರು.”

ಅವರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. “ಈ ಎಂಜೈಮ್ ಮಾಡೂ ಹುಕುಮು ಮೈಯಾಗ ಎರಡ ಇರ್ತಾವ. ಒಂದು ತಂದಿ ಕಡಿಂದ, ಒಂದು ತಾಯಿ ಕಡಿಂದ. ಒಂದ ಕೆಟ್ಟಿದ್ರ ಏನೂ ಆಗಂಗಿಲ್ಲ. ನೀವಿಬ್ಬರೂ ಹಂಗ ಇದ್ದೀರಿ, ಗಟ್ಟಿಮುಟ್ಟಾಗಿ. ಆದ್ರ ಕೂಸಿಗೆ ಎರಡೂ ಕೆಟ್ಟದ್ದ ಬಂತು. ನಿಮ್ಮ ಅಜ್ಜಗೋ ಅಜ್ಜಿಗೋ ಇದ್ದದ್ದು ಎರಡೂ ಕಡಿಂದ ಇಳದು ಒಂದ ಕೂಸಿನಾಗ ಕೂಡೇತಿ.”

ಈರಣ್ಣ ಕೇಳಿದ: “ಔಷಧ?”

“ಇಲ್ಲಪ್ಪ.”

“ಮುಂದಿನ ಕೂಸು?”

“ಪ್ರತಿ ಬಸರಿಗೂ ನಾಕರಾಗ ಒಂದು ಪಾಲು ಹಿಂಗ ಆಗೂ ಸಾಧ್ಯತಾ ಐತಿ.”

ನಾನು ಹೇಳಿದೆ: “ತುಪ್ಪಾ ಬಿಡಿಸೇನ್ರಿ.”

ಅವರು ನನ್ನ ಕಡೆ ತಿರುಗಿದರು. ಮಾಂತುವಿನ ಜೋತುಬಿದ್ದ ತೊಡೆಯ ಮೇಲೆ ಕೈ ಇಟ್ಟರು. “ತುಪ್ಪಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲವ್ವಾ. ಈ ಕೊಬ್ಬು ಉಂಡದ್ದರಿಂದ ಬರೂದಲ್ಲ, ಮೈ ತಾನ ಮಾಡ್ಕೋತೈತಿ. ಉಣಸು. ಏನ್ ಸೇರ್ತೈತಿ ಅದನ್ನ ಉಣಸು. ಇರೂತನಕಾ ಹೊಟ್ಟಿ ತುಂಬಿರಲಿ.”

ಇರೂತನಕಾ.

ಆ ದಿನ ಬಸ್ ನಿಲ್ದಾಣದಲ್ಲಿ ಎರಡು ಬಸ್ ಬಿಟ್ಟೆವು. ಈರಣ್ಣ ಒಂದೇ ಮಾತು ಆಡಿದ: “ಕಮಲಾಂದು ಏನ್ ಮಾಡೂದು?” ಶಿವಾನಂದನಲ್ಲೂ ಕಮಲಾಳಲ್ಲೂ ಅದೇ ಅಜ್ಜ, ಅದೇ ಅಜ್ಜಿ. ಅವರೊಳಗೆ ಆ ಕೆಟ್ಟ ಹುಕುಮು ಇದೆಯೋ ಇಲ್ಲವೋ ಹೇಳುವವರು ಊರಲ್ಲಿ ಯಾರೂ ಇರಲಿಲ್ಲ. ಮಗು ಹುಟ್ಟಿ, ಐದು ತಿಂಗಳಾಗಿ, ಬೆಚ್ಚಿದರೆ ಮಾತ್ರ ತಿಳಿಯುವುದು.

ಮನೆಗೆ ಬಂದು ಹಿತ್ತಲಿಗೆ ಹೋದೆ. ಅತ್ತೆ ಎಮ್ಮೆಗೆ ಮೇವು ಹಾಕುತ್ತಿದ್ದರು. ಕಾಲು ಹಿಡಿದೆ. ತುಪ್ಪದಿಂದ ಅಲ್ಲವಂತೆ ಅತ್ತಿ, ನನ್ನ ಬಾಯಿಗೆ ಹುಳ ಬೀಳಲಿ ಎಂದೆ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅವರು ಮೇವಿನ ಸಿವುಡು ಬಿಚ್ಚುತ್ತಲೇ ಕೇಳಿದರು. ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

“ತುಪ್ಪದಿಂದಾನ ಆಗೇತಿ.”

“ಅಲ್ರಿ ಅತ್ತಿ...”

“ತುಪ್ಪದಿಂದಾನ ಆಗೇತಿ ನೀಲಾ. ಊರ ಮುಂದ ನೀನ ಹೇಳೀದಿ, ನಾ ಹೊತ್ಕೊಂಡೇನಿ. ಹೊತ್ಕೋತೇನಿ ಇನ್ನ ಮುಂದೂ. ಈ ಮನೀ ರಕ್ತಾನ ಕೆಟ್ಟೈತಿ ಅಂತ ಸುದ್ದಿ ಹಬ್ಬಿದ್ರ ನನ್ನ ಮಗಳನ್ನ ಯಾರ ಕಟ್ಕೋತಾರ? ನಿನ್ನ ತಮ್ಮಾನೂ ಇಲ್ಲ, ಹೊರಗಿನವ್ರೂ ಇಲ್ಲ. ಮುದುಕಿ ತಿಳೀದ ತುಪ್ಪಾ ಉಣಿಸಿ ಕೂಸು ಕೆಡಿಸಿದ್ಲು ಅನ್ನಲಿ. ನಂಗೇನ್ ಇನ್ನೊಂದ ಲಗ್ನಾ ಆಗೂದೈತೇನು?”

ಈರಣ್ಣ ತನ್ನ ಅಪ್ಪನಿಗೆ ಹೇಳಿನೋಡಿದ. ಮಾವ ಸಿಟ್ಟಿಗೆದ್ದರು. “ತಲಿ ತಲಾಂತರದಿಂದ ಕೊಟ್ಟು ತಂದೀವಿ. ನಾವೆಲ್ಲಾ ಹುಟ್ಟಿಲ್ಲೇನು? ನಿನ್ನೆ ತುಪ್ಪಾ ಅಂದ್ರಿ, ಇವತ್ತ ರಕ್ತಾ ಅಂತೀರಿ, ನಾಳೆ ಏನಂತೀರಿ?” ನನ್ನ ಮೊದಲ ಸುಳ್ಳೇ ಎರಡನೆಯ ಸತ್ಯದ ಬಾಯಿ ಕಟ್ಟಿತ್ತು.

ನಿಶ್ಚಯದ ದಿನ ಅಂಗಳದಲ್ಲಿ ಜಮಖಾನೆ ಹಾಸಿದ್ದರು. ಬೆಳಗಾವಿಯಿಂದ ಅವ್ವ, ತಮ್ಮ, ನೆಂಟರು ಬಂದಿದ್ದರು. ಹುಡುಗನ ಅಕ್ಕ ಹುಡುಗಿಯ ಉಡಿ ತುಂಬಬೇಕು. ಹುಡುಗನ ಅಕ್ಕ ನಾನೇ. ಎರಡೂ ಮನೆಗೂ ಸೇರಿದವಳು ನಾನೊಬ್ಬಳೇ ಎಂದು ಎಲ್ಲರೂ ತಮಾಷೆ ಮಾಡಿದರು. ಕಮಲಾ ಅಷ್ಟು ಹೊತ್ತೂ ಮಾಂತುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ವಾದ್ಯದ ಸದ್ದಿಗೆ ಅವನು ಬೆಚ್ಚದಿರಲೆಂದು ಎರಡೂ ಕಿವಿಗೆ ಅಂಗೈ ಮುಚ್ಚಿದ್ದಳು. ಅವನನ್ನು ಅತ್ತೆಗೆ ಕೊಟ್ಟು ಮಣೆಯ ಮೇಲೆ ಬಂದು ಕೂತಳು, ಸೆರಗು ಒಡ್ಡಿದಳು.

ಅಕ್ಕಿ, ಒಣ ಕೊಬ್ಬರಿ, ಅರಿಶಿನದ ಕೊಂಬು, ಅಡಿಕೆ, ಕುಪ್ಪಸದ ಖಣ. ನಾನು ಐದು ಸಲ ತುಂಬಿದೆ.

ಹೌದು, ತುಂಬಿದೆ. ಆಗ ನಾನು ತಾಟು ಎತ್ತಿ ಒಗೆಯಬೇಕಿತ್ತು. ಚೂಪು ನಾಲಿಗೆಯವಳು, ಹೇಳಬಾರದ ಹೊತ್ತಿನಲ್ಲಿ ಓಣಿಗೆಲ್ಲ ಕೇಳುವಂತೆ ಕಿರುಚಿದವಳು, ಹೇಳಬೇಕಾದ ಹೊತ್ತಿನಲ್ಲಿ ಹಲ್ಲು ಕಚ್ಚಿ ಅಕ್ಕಿ ಸುರಿದೆ. ಅತ್ತೆಯ ಮುಖ ನೋಡಿದೆ. ತಪ್ಪಿಲ್ಲದೆ ತಪ್ಪು ಹೊತ್ತ ಮುಖ. ಆ ಮುಖದ ಎದುರು ಇನ್ನೊಂದು ಸಲ ಬಾಯಿ ತೆರೆಯಲು ನಾಚಿಕೆಯಾಯಿತು. ಹೇಡಿತನಕ್ಕೆ ಒಳ್ಳೆಯ ಹೆಸರು ಹುಡುಕಬೇಕಾದರೆ ನಾಚಿಕೆ ಎನ್ನಬಹುದು.

ಆಮೇಲಿನ ಒಂದೂವರೆ ವರ್ಷ ನನಗೆ ಸಾಲಾಗಿ ನೆನಪಿಲ್ಲ. ಫಿಟ್ಸ್ ಶುರುವಾಯಿತು. ದಿನಕ್ಕೆ ಒಂದು, ಆಮೇಲೆ ಹತ್ತು. ಗಾರ್ಡಿನಾಲ್ ಮಾತ್ರೆ ಪುಡಿಮಾಡಿ ಕೊಡುತ್ತಿದ್ದೆ. ಕಣ್ಣು ಪೂರ್ತಿ ಹೋಯಿತು. ಮೈ ಸಣ್ಣದಾಗಿ ತಲೆ ಮಾತ್ರ ದೊಡ್ಡದಾಗುತ್ತ ಬಂತು, ಟೊಪ್ಪಿಗೆಗಳು ಒಂದಾದ ಮೇಲೊಂದು ಸಾಲದಾದವು. ನುಂಗುವುದು ಕಷ್ಟವಾದಾಗ ಮೂಗಿನಲ್ಲಿ ನಳಿಗೆ ಹಾಕಿದರು. ರೈಲ್ಸ್ ಟ್ಯೂಬ್. ಅದರಲ್ಲಿ ಹಾಲು ಬಿಡುವುದನ್ನು ನಾನು, ಅತ್ತೆ, ಕಮಲಾ ಮೂವರೂ ಕಲಿತೆವು. ಕಾಯಿಸಿದ ತುಪ್ಪವನ್ನು ಹಾಲಿಗೆ ಬೆರೆಸಿ ಬಿಡುವಾಗ ನಾನು ಅತ್ತೆಯ ಕಡೆ ನೋಡುತ್ತಿರಲಿಲ್ಲ. ಅವರೂ ನೋಡುತ್ತಿರಲಿಲ್ಲ.

ಲಗ್ನದ ದಿನ ಒಮ್ಮೆ ಮುಂದೆ ಹೋಯಿತು, ಇನ್ನೊಮ್ಮೆ ಹೋಯಿತು. ಕೂಸಿನ ಈ ಸ್ಥಿತಿಯಲ್ಲಿ ಚಪ್ಪರ ಹಾಕುವುದು ಹೇಗೆ ಎಂದು ಮಾವನೇ ಅಂದರು. ಮಾಂತು ಇರುವಷ್ಟು ದಿನ ಲಗ್ನವಿಲ್ಲ. ಮಗ ಬದುಕಲಿ ಎಂದು ಬೇಡಿಕೊಳ್ಳುವಾಗ ನಾನು ಯಾವುದಕ್ಕಾಗಿ ಬೇಡುತ್ತಿದ್ದೇನೆ ಎಂದು ನನಗೇ ತಿಳಿಯುತ್ತಿರಲಿಲ್ಲ. ಇದಕ್ಕಿಂತ ಕೆಟ್ಟ ಮಾತನ್ನು ನಾನು ನನ್ನ ಬಗ್ಗೆ ಬರೆಯಲಾರೆ.

ಈ ನಡುವೆ ಈರಣ್ಣ ಒಂದು ಕೆಲಸ ಮಾಡಿದ. ಎಮರ್ಜೆನ್ಸಿಯಲ್ಲಿ ಸಂತಾನ ನಿಯಂತ್ರಣದ ಆಪರೇಶನ್ ಜೀಪು ಬಂತು ಎಂದರೆ ಕಾಡು ಸೇರುತ್ತಿದ್ದ ಗಂಡಸು, ಒಂದು ದಿನ ತಾನಾಗಿಯೇ ಬೆಳಗಾವಿಗೆ ಹೋಗಿ ಅದೇ ಆಪರೇಶನ್ ಮಾಡಿಸಿಕೊಂಡು ಬಂದ. ಯಾರಿಗೂ ಹೇಳಲಿಲ್ಲ. ಎರಡು ದಿನ ಕುಂಟುತ್ತ ನಡೆದ. ಕೇಳಿದಾಗ, “ಭಟ್ಟಿ ಹತ್ರ ಜಾರಿ ಬಿದ್ನಿ” ಎಂದು ತನ್ನ ಅವ್ವನಿಗೆ ಹೇಳಿದ. ನನಗೆ ಖರೇ ಹೇಳಿದ. ನಾವಿಬ್ಬರೂ ಅತ್ತೆವು, ಒಬ್ಬರಿಗೊಬ್ಬರು ಬೆನ್ನು ಮಾಡಿ.

ನ್ಯುಮೋನಿಯಾ ಎಂದು ಬೆಳಗಾವಿಗೆ ಒಯ್ದೆವು. ಮೂರನೆಯ ದಿನ ಮಧ್ಯಾಹ್ನ ನರ್ಸ್ ಬಂದು ಆಕ್ಸಿಜನ್ ನಳಿಗೆಯನ್ನು ಮೆಲ್ಲಗೆ ತೆಗೆದಳು.

ಎರಡು ವರ್ಷ ಏಳು ತಿಂಗಳು.

ಹೊಲದ ಬದುವಿನ ಬಾಜು ಕುಣಿ ತೋಡಿದರು. ಅಯ್ಯನವರು ಹಣೆಗೆ ವಿಭೂತಿ ಹಚ್ಚಿದರು. ಮಣ್ಣು ಹಾಕುವಾಗ ಸಲಿಕೆ ಕಲ್ಲಿಗೆ ಬಡಿದು ಖಣ್ ಎಂದಿತು. ನಾನು ಅವನ ಕೈಗಳ ಕಡೆ ನೋಡಿದೆ. ಅವು ಅಲುಗಲಿಲ್ಲ.

ಹದಿನೈದು ದಿನ ಕಳೆದಿರಬೇಕು. ಅವನ ದುಪಟಿ, ಕುಂಚಿಗೆ ಎಲ್ಲ ಕಟ್ಟಿಕೊಂಡು ನಾನೂ ಕಮಲಾಳೂ ಮಲಪ್ರಭೆಗೆ ಒಗೆಯಲು ಹೋದೆವು. ಲಗ್ನಕ್ಕೆ ಮತ್ತೆ ದಿನ ನೋಡುತ್ತಿದ್ದರು. ಕಮಲಾ ಒಂದು ಕುಂಚಿಗೆಯನ್ನು ಕಲ್ಲಿನ ಮೇಲೆ ಇಟ್ಟು, ಬಡಿಯದೆ, ಹಾಗೇ ಕೂತಳು.

“ವೈನಿ, ಖರೇ ಹೇಳ್ರಿ. ತುಪ್ಪದಿಂದ ಆತೇನು?”

ಹೇಳಿದೆ. ಅಜ್ಜ ಅಜ್ಜಿ, ಎರಡು ಹುಕುಮು, ನಾಲ್ಕರಲ್ಲಿ ಒಂದು ಪಾಲು, ಡಾಕ್ಟರು ಹೇಳಿದಷ್ಟನ್ನೂ ಹೇಳಿದೆ. ಆಗಲೂಬಹುದು, ಆಗದೇ ಇರಲೂಬಹುದು ಎಂದೂ ಹೇಳಿದೆ. ನೀರು ಹರಿಯುತ್ತಿತ್ತು. ಆಚೆ ದಡದಲ್ಲಿ ಯಾರೋ ಎಮ್ಮೆ ಮೈ ತೊಳೆಯುತ್ತಿದ್ದರು.

“ಉಡಿ ತುಂಬುವಾಗ ಯಾಕ ಹೇಳಲಿಲ್ರಿ?”

ನಾನು ದುಪಟಿಯನ್ನು ನೀರಿಗೆ ಅದ್ದಿದೆ. ಅವಳು ಮತ್ತೆ ಕೇಳಲಿಲ್ಲ. ಕುಂಚಿಗೆ ಹಿಂಡಿ ಬುಟ್ಟಿಗೆ ಹಾಕಿದಳು.

ಮರುದಿನ ಬೆಳಿಗ್ಗೆ ಮಾವ ನಾಷ್ಟಾಕ್ಕೆ ಕೂತಿದ್ದಾಗ ಕಮಲಾ ಎದುರಿಗೆ ಬಂದು ನಿಂತಳು. “ಅಪ್ಪಾ, ನಾ ಬೆಳಗಾವಿಗೆ ಲಗ್ನ ಆಗಿ ಹೋಗಂಗಿಲ್ಲ.” ಯಾಕೆ ಎಂದರು. “ಮನಸಿಲ್ಲ.” ಅಷ್ಟೇ. ಬೈದರು, ಹೊಡೆದರು. ಯಾವನಾದರೂ ಇದ್ದಾನೇನು ಎಂದು ಕೇಳಬಾರದ್ದನ್ನೂ ಕೇಳಿದರು. ಅವಳು ರಕ್ತದ ಮಾತು ಎತ್ತಲಿಲ್ಲ. ತನ್ನ ಅವ್ವ ಹೊತ್ತದ್ದನ್ನು ಕೆಳಗಿಳಿಸಲಿಲ್ಲ, ನನ್ನ ಹೆಸರನ್ನೂ ತೆಗೆಯಲಿಲ್ಲ. ಇಪ್ಪತ್ತು ತುಂಬದ ಹುಡುಗಿ ಸೊಕ್ಕಿನವಳು ಎಂಬ ಹೆಸರನ್ನು ತಾನೇ ಕಟ್ಟಿಕೊಂಡಳು. ಅತ್ತೆ ಒಲೆಯ ಮುಂದಿನಿಂದ ಏಳಲೇ ಇಲ್ಲ. ಮಾವನ ಕೈ ಎರಡನೆಯ ಸಲ ಮೇಲೆದ್ದಾಗ ಮಾತ್ರ ಅಲ್ಲಿಂದಲೇ ಹೇಳಿದರು: “ಸಾಕ್ ಬಿಡ್ರಿ. ಆಕಿಗೆ ಮನಸಿಲ್ಲಂದ್ರ ಇಲ್ಲ.”

ಕಮಲಾಳಿಗೆ ಹೇಳಿದವಳು ನಾನೇ ಎಂದು ನನ್ನ ಅವ್ವ ಮಾತ್ರ ಊಹಿಸಿದಳು. ಬೆಳಗಾವಿಗೆ ಹೋದಾಗ ಬಾಗಿಲಲ್ಲೇ ನಿಲ್ಲಿಸಿ ಅಂದಳು: “ನಿನ್ನ ಕೂಸು ಉಳೀಲಿಲ್ಲಂತ ತಮ್ಮನ ಸಂಸಾರಕ್ಕ ಬೆಂಕಿ ಇಟ್ಟಿ. ಇನ್ನ ಈ ಕಡೆ ಬರಬ್ಯಾಡ.” ನಾನು ಹೊಸ್ತಿಲಿನಿಂದಲೇ ತಿರುಗಿ ಬಂದೆ. ಶಿವಾನಂದನಿಗೆ ಬೇರೆ ಕಡೆ ಲಗ್ನವಾಯಿತು, ಎರಡು ಮಕ್ಕಳಿವೆ, ಚೆನ್ನಾಗಿವೆ ಎಂದು ಕೇಳಿದ್ದೇನೆ. ನೋಡಿಲ್ಲ.

ಕಮಲಾಳನ್ನು ಮೂರು ವರ್ಷ ಯಾರೂ ಕೇಳಿ ಬರಲಿಲ್ಲ. ಅತ್ತೆ ಹೆದರಿದ್ದು ಸುಳ್ಳಾಗಿರಲಿಲ್ಲ. ನಿಶ್ಚಯ ಮುರಿದ ಹೆಣ್ಣು. ಕೊನೆಗೆ ಕಾಕತಿಯ ಕಡೆಯ ಒಬ್ಬ ಸಾಲಿ ಮಾಸ್ತರ, ಎರಡನೆಯ ಸಂಬಂಧ, ನಮಗೆ ಯಾವ ನೆಂಟಸ್ತನವೂ ಇಲ್ಲದವನು, ಮದುವೆಯಾದ. ಲಗ್ನ ನಾಲ್ಕು ಜನರ ನಡುವೆ ಮುಗಿಯಿತು.

ಕಳೆದ ತಿಂಗಳು ಅವಳು ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಹನ್ನೊಂದು ತಿಂಗಳ ಕೂಸು. ಓಣಿಯಲ್ಲಿ ಕೂಸಿರುವ ಹೆಂಗಸರು ನಾನು ಎದುರಾದರೆ ನನ್ನ ಕಣ್ಣು ಬೀಳದಿರಲೆಂದು ಕೂಸಿಗೆ ಸೆರಗು ಹೊದಿಸುತ್ತಾರೆ. ತಪ್ಪೆಂದು ನಾನು ಅನ್ನುವುದಿಲ್ಲ. ನಾನೂ ಹಾಗೇ ಮಾಡುತ್ತಿದ್ದೆನೇನೋ. ಅದಕ್ಕೇ ಕಮಲಾ ಬಂದಾಗ ನಾನು ಅಡಿಗೆಮನೆಯ ಬಾಗಿಲಲ್ಲೇ ನಿಂತಿದ್ದೆ, ಹೊರಗೆ ಬರಲಿಲ್ಲ. ಅವಳೇ ಒಳಗೆ ಬಂದಳು. ಕೂಸನ್ನು ನನ್ನ ಕೈಗೆ ಹಾಕಿದಳು.

“ಹಿಡೀರಿ ವೈನಿ. ಬಸ್ಸಿನ್ಯಾಗ ಕುಂತು ಮೈಯೆಲ್ಲಾ ಧೂಳಾಗೇತಿ, ಜಳಕಾ ಮಾಡಿ ಬರ್ತೇನಿ.”

ಹೋದಳು. ತಿರುಗಿ ನೋಡಲಿಲ್ಲ.

ಹುಡುಗಿ ಗಟ್ಟಿ ಇದ್ದಳು. ಕೂತ ನನ್ನ ತೊಡೆಯ ಮೇಲೆ ಎದ್ದು ನಿಂತು, ನನ್ನ ಕೂದಲು ಹಿಡಿದು ಕುಣಿಯತೊಡಗಿದಳು. ನನಗೆ ಹೊಟ್ಟೆಕಿಚ್ಚು ಬಂತು. ಸುಳ್ಳು ಹೇಳಲಾರೆ. ಈ ಕಾಲುಗಳನ್ನು ನನ್ನ ಮಗನಿಗೆ ಯಾಕೆ ಕೊಡಲಿಲ್ಲ ಎಂದು ಎದೆ ಉರಿಯಿತು. ಅವಳು ಕುಣಿಯುತ್ತಲೇ ಇದ್ದಳು, ಕೂದಲು ಕಿತ್ತುಬರುವ ಹಾಗೆ ಜಗ್ಗುತ್ತಲೇ ಇದ್ದಳು. ಜಳಕದ ಮನೆಯಲ್ಲಿ ಕಮಲಾ ನೀರು ಸುರಿದುಕೊಳ್ಳುವ ಸದ್ದು ನಿಂತಿತು. ಆಮೇಲೂ ಅವಳು ಬಹಳ ಹೊತ್ತು ಬರಲಿಲ್ಲ. ಬೇಕೆಂದೇ ಬರಲಿಲ್ಲ ಎಂದು ನನಗೆ ಗೊತ್ತು.

ನನ್ನ ತೊಡೆ ನೋಯುತ್ತಿತ್ತು. ನಾನು ಕೂಸನ್ನು ಕೆಳಗಿಳಿಸಲಿಲ್ಲ.